ಗೋಡೆಗಳ ಒಳಗಣ ಊರು

ಊರಿಗೆ ಹೆಸರಿಡುವಾಗ ಜನರು ಹೊಳೆಯನ್ನೋ ಮರವನ್ನೋ ದೇವರನ್ನೋ ನೆನೆಯುವುದು ವಾಡಿಕೆ. ನಮ್ಮ ಹೊಳೆನರಸೀಪುರದಲ್ಲಿ ಹೊಳೆಯೂ ಉಂಟು, ದೇವರೂ ಉಂಟು. ಆದರೆ ಫಿಲಿಪ್ಪೀನ್ಸ್ ದೇಶದ ರಾಜಧಾನಿಯಾದ ಮನಿಲಾದಲ್ಲಿ, ಅತ್ಯಂತ ಹಳೆಯ ಭಾಗಕ್ಕೆ ಇರುವ ಹೆಸರು ಬರಿಯ ಗೋಡೆಯದು. ‘ಇಂತ್ರಾಮುರೋಸ್’ ಎಂದರೆ ಗೋಡೆಗಳ ಒಳಗೆ ಎಂದಷ್ಟೇ ಅರ್ಥ. ಆಚೆಯ ಕೇರಿಗಳನ್ನೆಲ್ಲ ಸ್ಪೇನಿನವರು ಒಟ್ಟಾಗಿ ‘ಎಕ್ಸ್ತ್ರಾಮುರೋಸ್’ ಎಂದರು, ಗೋಡೆಗಳ ಹೊರಗೆ. ಒಳಗೆ ಯಾರು, ಹೊರಗೆ ಯಾರು, ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಹೊರಟರೆ ಆ ಊರಿನ ಚರಿತ್ರೆಯ ಬಹುಭಾಗ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಭಾಷಾಬೋಧನೆಗೆ ಸಂಬಂಧಿಸಿದ ಒಂದು ವಿಚಾರಸಂಕಿರಣದ ನಿಮಿತ್ತ ನಾನು ಮನಿಲಾಕ್ಕೆ ಹೋಗಬೇಕಾಯಿತು. ಮೂರು ದಿನ ಭಾಷಣಗಳಾದುವು. ಅವುಗಳ ವಿಚಾರವನ್ನು ಇಲ್ಲಿ ಎತ್ತಿ ಓದುಗರನ್ನು ನೋಯಿಸುವುದಿಲ್ಲ. ಉಳಿದ ಎರಡು ದಿನ ಊರು ನೋಡಲೆಂದು ಆತಿಥೇಯರು ಒಬ್ಬ ನಿವೃತ್ತ ಶಾಲಾಶಿಕ್ಷಕಿಯನ್ನು ಜತೆ ಮಾಡಿಕೊಟ್ಟರು. ಅರವತ್ತೈದು ದಾಟಿದ ವಯಸ್ಸು, ಕೃಶವಾದ ಶರೀರ, ಕೈಯಲ್ಲೊಂದು ಕೊಡೆ. ಬಿಸಿಲಿಗೂ ಅದೇ, ಮಳೆಗೂ ಅದೇ, ರಸ್ತೆ ದಾಟುವಾಗ ವಾಹನಗಳನ್ನು ತಡೆಯುವುದಕ್ಕೂ ಅದೇ.

“ಎಲ್ಲಿಂದ ತೊಡಗೋಣ ಸರ್, ಒಳಗಿನಿಂದಲೋ, ಹೊರಗಿನಿಂದಲೋ?” ಎಂದು ಕೇಳಿದರು.

“ಹೊರಗಿನಿಂದ” ಎಂದೆ. ಹಾಗಾಗಿ ಮೊದಲು ಹೋದುದು ಕೋಟೆಯ ಹೊರಗೆ, ಅನತಿದೂರದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ.

ಅಲ್ಲಿ ಒಂದು ತಾಮ್ರಪಟ ಇದೆ. ೧೯೮೯ರಲ್ಲಿ ಲಗೂನಾ ಪ್ರಾಂತದ ನದಿಯೊಂದರಲ್ಲಿ ಸಿಕ್ಕಿದುದು. ನಾಮ್ವರನ್ ಎಂಬಾತನ ಸಾಲ ತೀರಿತೆಂದು ಅವನ ಮನೆಯವರಿಗೆ ಬರೆದುಕೊಟ್ಟ ಋಣಮುಕ್ತಿಪತ್ರ. ಅದರ ಕಾಲ ಶಕವರ್ಷ ೮೨೨, ವೈಶಾಖ ಮಾಸ. ಲಿಪಿ ಜಾವಾ ಕಡೆಯ ಕವಿ ಲಿಪಿ; ಅದರ ಬೇರು ದಕ್ಷಿಣ ಭಾರತದಲ್ಲಿ. ಎಂದ ಮೇಲೆ ನಮ್ಮ ಲಿಪಿಗೆ ಅದು ದೂರದ ದಾಯಾದಿಯಾಯಿತು. ಶಕ ೮೨೨ ಎಂದರೆ ಕ್ರಿಸ್ತಶಕ ೯೦೦. ಆಗ ಮಾನ್ಯಖೇಟದಲ್ಲಿ ನೃಪತುಂಗನ ಮಗ ಎರಡನೆಯ ಕೃಷ್ಣ ಆಳುತ್ತಿದ್ದ. ನಮ್ಮ ವಿದ್ವಾಂಸರು ಒಪ್ಪಿರುವ ಲೆಕ್ಕದಂತೆ, ಪಂಪ ಹುಟ್ಟುವುದಕ್ಕೆ ಇನ್ನೆರಡು ವರ್ಷವಿತ್ತು. ಗಾಜಿನ ಮುಂದೆ ನಾನು ಇಷ್ಟು ಹೊತ್ತು ಏಕೆ ನಿಂತೆನೆಂದು ಆ ಶಿಕ್ಷಕಿಗೆ ಅರ್ಥವಾಗಲಿಲ್ಲ. ವೈಶಾಖವೆಂಬುದು ನಮ್ಮ ಮನೆಯ ಪಂಚಾಂಗದಲ್ಲಿ ಈಗಲೂ ಇರುವ ತಿಂಗಳೆಂದು ಹೇಳಿದಾಗ ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆ ಪಟವನ್ನು ತಾವೂ ಮೊದಲನೆಯ ಸಲ ನೋಡುವವರಂತೆ ಬಾಗಿ ನೋಡಿದರು.

ಆಮೇಲೆ ನಮ್ಮ ಮಾತು ಶಬ್ದಗಳ ಕಡೆ ತಿರುಗಿತು. ಕನ್ನಡದ ಅಧ್ಯಾಪಕನಿಗೆ ಇದೊಂದು ಚಾಪಲ್ಯ. ಯಾವ ಊರಿಗೆ ಹೋದರೂ ನೆಂಟರನ್ನು ಹುಡುಕುತ್ತಾನೆ. ಅವರ ತಗಾಲೋಗ್ ಭಾಷೆಯಲ್ಲಿ ಮುಖಕ್ಕೆ ‘ಮುಖಾ’, ಆಸೆಗೆ ‘ಆಸಾ’, ವನದೇವತೆಗೆ ‘ದಿವಾತಾ’, ಶಿಕ್ಷಕನಿಗೂ ಶಿಕ್ಷಕಿಗೂ ‘ಗುರೋ’. ‘ದುಖಾ’ ಎಂದರೆ ಬಡವ. ದುಃಖವೂ ಬಡತನವೂ ಒಂದೇ ಎಂದು ತೀರ್ಮಾನಿಸಿದ ಆ ಜನರ ಅನುಭವ ದೊಡ್ಡದು! ಸ್ಪೇನಿನವರು ಬರುವುದಕ್ಕೆ ಮೊದಲು ಅವರು ನಂಬಿದ್ದ ಪರದೈವದ ಹೆಸರು ‘ಬಥಾಲಾ’. ಅದು ನಮ್ಮ ಹಳಗನ್ನಡ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ‘ಭಟಾರ’ನೇ. ಕೊನೆಗೆ, ಕೋಟೆಗೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. “ಕುತಾ” ಎಂದರು. ಮಲಯ ಭಾಷೆಯ ‘ಕೋತಾ’ದ ಮೂಲಕ ಬಂದ ಶಬ್ದ.

ಹೀಗೆ, ಸ್ಪೇನಿನವರ ಹಡಗು ಬರುವ ಮೊದಲೇ ಅಲ್ಲಿ ಕೋಟೆ ಎಂಬ ಮಾತೂ ಇತ್ತು, ಕೋಟೆಯೂ ಇತ್ತು. ಪಾಸಿಗ್ ನದಿ ಸಮುದ್ರವನ್ನು ಸೇರುವ ಮೂಲೆಯಲ್ಲಿ ಮರದ ದಿಮ್ಮಿಗಳನ್ನು ನೆಟ್ಟು ಮಾಡಿದ ಕೋಟೆ. ಅದರ ಒಡೆಯ ಸುಲೈಮಾನ್. ಮತದಿಂದ ಮುಸಲ್ಮಾನ, ಬಿರುದಿನಿಂದ ‘ರಾಜಾ’. ೧೫೭೦ರಲ್ಲಿ ಸ್ಪೇನಿನ ದಂಡು ಅದನ್ನು ಸುಟ್ಟಿತು; ಮರುವರ್ಷ ಲೆಗಾಸ್ಪಿ ಎಂಬ ದಳಪತಿ ಅದೇ ನೆಲದ ಮೇಲೆ ತನ್ನ ದೊರೆಯ ಹೆಸರಿನಲ್ಲಿ ನಗರವನ್ನು ಸ್ಥಾಪಿಸಿದ. ಮೂಲನಿವಾಸಿಗಳು ತುಸು ತೆಂಕಣಕ್ಕೆ ಸರಿದು ನೆಲಸಿದ ಜಾಗಕ್ಕೆ ‘ಬಗುಂಬಾಯನ್’ ಎಂದು ಹೆಸರಾಯಿತು. ಅನುವಾದಿಸಿದರೆ ನಮ್ಮ ಹೊಸೂರು. ಈ ಹೊಸೂರಿನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅಲ್ಲಿಗೆ ಮತ್ತೆ ಹೋಗಬೇಕಾಗಿದೆ.

ಮೊದಲ ಊರು ಮರ, ಬಿದಿರು, ತಾಳೆಗರಿಯದು. ೧೫೭೪ರಲ್ಲಿ ಲಿಮಹಾಂಗ್ ಎಂಬ ಚೀನೀ ಕಡಲ್ಗಳ್ಳ ದಾಳಿಯಿಟ್ಟ. ೧೫೮೩ರಲ್ಲಿ, ತೀರಿಕೊಂಡ ಗವರ್ನರನ ಅಂತ್ಯವಿಧಿಗೆ ಹಚ್ಚಿದ ಮೇಣದ ಬತ್ತಿಯಿಂದ ಬೆಂಕಿ ಹತ್ತಿ ಊರೇ ಉರಿದುಹೋಯಿತು. ಇವೆರಡು ಪಾಠಗಳಾದ ಮೇಲೆ ಕಲ್ಲಿಗೆ ಕೈಹಾಕಿದರು. ಪಾಸಿಗ್ ನದಿಯ ಮೇಲ್ಭಾಗದಿಂದ ಮೃದುವಾದ ಅಗ್ನಿಶಿಲೆಯನ್ನು ದೋಣಿಗಳಲ್ಲಿ ತರಿಸಿ, ೧೫೯೦ರಲ್ಲಿ ಬಂದ ದಾಸ್ಮರಿನ್ಯಾಸ್ ಎಂಬ ಗವರ್ನರ್ ಗೋಡೆಯನ್ನು ಎಬ್ಬಿಸತೊಡಗಿದ. ವಿಧಿಯ ವಿನೋದವನ್ನು ನೋಡಿ: ಗೋಡೆ ಕಟ್ಟಿಸಿದ ಈ ಮಹಾಶಯ ಸತ್ತುದು ಗೋಡೆ ಹತ್ತಿ ಬಂದ ಶತ್ರುವಿನಿಂದಲ್ಲ. ೧೫೯೩ರಲ್ಲಿ ದಂಡಯಾತ್ರೆ ಹೊರಟಾಗ ತನ್ನ ಹಡಗಿಗೆ ಬಲವಂತದಿಂದ ಹುಟ್ಟುಹಾಕಲು ಹಚ್ಚಿದ್ದ ಚೀನೀಯರೇ ತಿರುಗಿಬಿದ್ದು ಅವನನ್ನು ಕೊಂದರು.

ಈಗ ಆ ಗೋಡೆಯ ಮೇಲೆ ಓಡಾಡಬಹುದು. ಸುತ್ತಳತೆ ಸುಮಾರು ೪.೫ ಕಿಲೋಮೀಟರು, ಒಳಗಿನ ನೆಲ ಸುಮಾರು ೧೬೦ ಎಕರೆ. ಚಿತ್ರದುರ್ಗದ ಏಳು ಸುತ್ತನ್ನು ಹತ್ತಿಳಿದವರಿಗೆ ಇದೇನೂ ದೊಡ್ಡದಲ್ಲ. ಬಂಡೆಯನ್ನೇ ಕೋಟೆ ಮಾಡಿಕೊಂಡ ನಮ್ಮವರ ಚಮತ್ಕಾರ ಇಲ್ಲಿಲ್ಲ; ಸಪಾಟಾದ ನೆಲ, ಲೆಕ್ಕಾಚಾರದ ಮೂಲೆಗಳು, ಫಿರಂಗಿ ಕೂರಿಸಲು ಚೂಪಾಗಿ ಮುಂದೆ ಚಾಚಿದ ಕೊತ್ತಲಗಳು. ಆದರೆ ಮೂಡಣ ಕಡೆಯ ಪರಿಯಾನ್ ಬಾಗಿಲ ಮೇಲೆ ನಿಂತಾಗ ನನಗೆ ನೆನಪಾದುದು ಚಿತ್ರದುರ್ಗವಲ್ಲ, ಹಳೆಯ ಬೆಂಗಳೂರು. ನಮ್ಮಲ್ಲಿ ಕೋಟೆ ಬೇರೆ, ಪೇಟೆ ಬೇರೆ. ಕೋಟೆಯಲ್ಲಿ ಆಳುವವರು, ಪೇಟೆಯಲ್ಲಿ ನೇಯುವವರು, ಮಾರುವವರು. ಇಲ್ಲಿಯೂ ಹಾಗೆಯೇ, ಒಂದೇ ವ್ಯತ್ಯಾಸ. ಬೆಂಗಳೂರಿನ ಪೇಟೆಗೆ ತನ್ನದೇ ಒಂದು ಗೋಡೆ ಇತ್ತು. ಮನಿಲಾದ ಪೇಟೆಗೆ ಇದ್ದುದು ಕೋಟೆಯ ಫಿರಂಗಿಗಳ ಗುರಿ ಮಾತ್ರ.

ಆ ಪೇಟೆಯ ಹೆಸರು ಪರಿಯಾನ್. ೧೫೮೦ರ ದಶಕದಿಂದ ಚೀನೀ ವರ್ತಕರೂ ಕುಶಲಕರ್ಮಿಗಳೂ ಅಲ್ಲಿಯೇ ಇರಬೇಕೆಂದು ಕಟ್ಟಳೆಯಾಗಿತ್ತು. ಮನಿಲಾದಿಂದ ಮೆಕ್ಸಿಕೋ ದೇಶದ ಅಕಪುಲ್ಕೋಗೆ ೧೮೧೫ರ ವರೆಗೆ ಹೋಗಿಬರುತ್ತಿದ್ದ ದೊಡ್ಡ ಹಡಗುಗಳಲ್ಲಿ ಹೋಗುತ್ತಿದ್ದುದು ಚೀನದ ರೇಷ್ಮೆ, ಪಿಂಗಾಣಿ, ನಮ್ಮ ದೇಶದ ಹತ್ತಿಬಟ್ಟೆ, ಬರುತ್ತಿದ್ದುದು ಬೆಳ್ಳಿ. ರೇಷ್ಮೆಯನ್ನು ತಂದುಕೊಡುವವರು ಚೀನೀಯರು. ಗೋಡೆಯೊಳಗಿನವರ ಬಟ್ಟೆ ಹೊಲಿಯುವವರು, ಜೋಡು ಮಾಡುವವರು, ರೊಟ್ಟಿ ಸುಡುವವರು, ಕಟ್ಟಡ ಕಟ್ಟುವವರು ಚೀನೀಯರು. ಸಂಖ್ಯೆಯಲ್ಲಿ ಅವರು ಸ್ಪೇನಿನವರಿಗಿಂತ ಎಷ್ಟೋ ಪಾಲು ಹೆಚ್ಚು. ಸೇವೆ ಬೇಕು, ಸೇವಕನ ಭಯವೂ ಉಂಟು. ಇಂಥ ಕಡೆ ಏನಾಗಬೇಕೋ ಅದೇ ಆಯಿತು. ೧೬೦೩ರಲ್ಲಿ ಚೀನೀಯರು ಬಂಡೆದ್ದರು. ಗೋಡೆ ತಡೆದು ನಿಂತಿತು. ಬಳಿಕ ನಡೆದ ಕಗ್ಗೊಲೆಯಲ್ಲಿ ಸತ್ತವರು ಇಪ್ಪತ್ತು ಸಾವಿರದಷ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮನಿಲಾದಲ್ಲಿ ಅಧಿಕಾರಿಯಾಗಿದ್ದ ಅಂತೋನಿಯೋ ದೆ ಮೋರ್ಗಾ ೧೬೦೯ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ, ಇಷ್ಟೆಲ್ಲ ಮುಗಿದ ಮೇಲೆ ಊರಿನಲ್ಲಿ ತಿನ್ನಲು ಕೂಳಿಲ್ಲದೆ, ಎಷ್ಟು ದುಡ್ಡು ಕೊಟ್ಟರೂ ಕಾಲಿಗೆ ಜೋಡು ಸಿಗದೆ ಜನ ಪರದಾಡಿದರೆಂಬುದನ್ನು ಬರೆದಿದ್ದಾನೆ. ಕೊಂದವರು ಬರಿಗಾಲಿನಲ್ಲಿ ನಿಂತರು! ಪರಿಯಾನ್ ಮತ್ತೆ ತಲೆಯೆತ್ತಿತು. ೧೬೩೯ರಲ್ಲಿ ಮತ್ತೆ ದಂಗೆ, ಮತ್ತೆ ಕೊಲೆ.

ಬಾಗಿಲುಗಳನ್ನು ರಾತ್ರಿ ಹನ್ನೊಂದಕ್ಕೆ ಮುಚ್ಚಿ, ಕಂದಕದ ಮೇಲಣ ಎತ್ತುಸೇತುವೆಗಳನ್ನು ಮೇಲಕ್ಕೆಳೆದು, ಬೆಳಗಿನ ನಾಲ್ಕಕ್ಕೆ ತೆರೆಯುತ್ತಿದ್ದರು. ೧೮೫೨ರ ಭೂಕಂಪವಾದ ಮೇಲೆ ಈ ಪದ್ಧತಿ ನಿಂತಿತು. ನೆಲವೇ ನಡುಗಿ ಜನ ಹೊರಗೆ ಓಡಬೇಕಾದಾಗ ಮುಚ್ಚಿದ ಬಾಗಿಲಿನಿಂದ ಏನು ಪ್ರಯೋಜನ?

ಭೂಕಂಪದ ಮಾತು ಬಂದಾಗ ಸಂತ ಅಗುಸ್ತೀನನ ಇಗರ್ಜಿಯನ್ನು ಹೇಳಲೇಬೇಕು. (ಇಗರ್ಜಿ ಎಂಬ ನಮ್ಮ ಕರಾವಳಿಯ ಮಾತಿಗೂ ಸ್ಪೇನಿನವರ ‘ಇಗ್ಲೇಸಿಯಾ’ಕ್ಕೂ ಒಂದೇ ಮೂಲ.) ೧೬೦೭ರಲ್ಲಿ ಮುಗಿದ ಕಟ್ಟಡ. ಸುತ್ತಲಿನ ಇಗರ್ಜಿಗಳು ಒಂದೊಂದು ಭೂಕಂಪದಲ್ಲಿ ಒಂದೊಂದು ಸಲ ಬಿದ್ದೆದ್ದುವು. ಇದು ೧೮೮೦ರಲ್ಲಿ ಒಂದು ಗೋಪುರವನ್ನು ಬಿರುಕು ಬಿಡಿಸಿಕೊಂಡು, ಬಳಿಕ ಅದನ್ನು ಕಳೆದುಕೊಂಡದ್ದು ಬಿಟ್ಟರೆ ಕದಲಲಿಲ್ಲ. ಹೊರಗೆ ಚೀನೀ ಕೆತ್ತನೆಯ ಕಲ್ಲಿನ ಸಿಂಹಗಳು. ಒಳಗೆ ತಲೆಯೆತ್ತಿದರೆ ಮಾಳಿಗೆಯ ತುಂಬ ಉಬ್ಬುಗೆತ್ತನೆಯ ಹೂವು, ಬಳ್ಳಿ. ಉಬ್ಬೂ ಇಲ್ಲ, ಕೆತ್ತನೆಯೂ ಇಲ್ಲ. ೧೮೭೫ರಲ್ಲಿ ಇಬ್ಬರು ಇಟಲಿಯ ಚಿತ್ರಗಾರರು ಚಪ್ಪಟೆ ಸುಣ್ಣದ ಮೇಲೆ ಬಣ್ಣದಿಂದ ಮಾಡಿದ ಮಾಯೆ. ನಗರವನ್ನು ಸ್ಥಾಪಿಸಿದ ಲೆಗಾಸ್ಪಿಯ ಸಮಾಧಿಯೂ ಇಲ್ಲಿಯೇ. ೧೭೬೨ರಲ್ಲಿ ಇಂಗ್ಲಿಷರು ಈ ಇಗರ್ಜಿಯನ್ನು ದೋಚಿದರು.

ಹೌದು, ಇಂಗ್ಲಿಷರು ಇಲ್ಲಿಗೂ ಬಂದಿದ್ದರು, ಅದೂ ನಮ್ಮ ಮದರಾಸಿನಿಂದ. ಸ್ಪೇನಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿದ ಸುದ್ದಿಯೇ ಮನಿಲಾಕ್ಕೆ ಮುಟ್ಟಿರಲಿಲ್ಲ. ಗವರ್ನರನ ಪದವಿ ತೆರವಾಗಿ ಆರ್ಚ್‌ಬಿಷಪ್ಪರೇ ರಾಜ್ಯಭಾರವನ್ನೂ ನೋಡಿಕೊಳ್ಳುತ್ತಿದ್ದರು. ನೈಋತ್ಯದ ಮೂಲೆಯ ಸಾನ್ ದಿಯೆಗೋ ಕೊತ್ತಲದ ಬಳಿ ಗೋಡೆ ಒಡೆದು ಅಕ್ಟೋಬರ್ ೬ರಂದು ಊರು ಬಿದ್ದಿತು. ಆ ಸೇನೆಯಲ್ಲಿ ನೂರಾರು ಮಂದಿ ಸಿಪಾಯಿಗಳಿದ್ದರು. ೧೭೬೪ರಲ್ಲಿ ಇಂಗ್ಲಿಷರು ಹಿಂದಿರುಗಿದಾಗ ಕೆಲವರು ಹಡಗು ಹತ್ತದೆ ಅಲ್ಲಿಯೇ ಉಳಿದು, ಕಾಯಿಂತಾ ಎಂಬ ಊರಿನ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ಸಂತತಿ ಇಂದಿಗೂ ಉಂಟು. “ಕಾಯಿಂತಾದವರ ಮೂಗು ನೋಡಿದರೆ ಗೊತ್ತಾಗುತ್ತದೆ ಸರ್” ಎಂದು ಹೇಳಿ ಶಿಕ್ಷಕಿ ನನ್ನ ಮೂಗನ್ನು ಪರೀಕ್ಷಿಸಿದರು. ಪರರ ಗೋಡೆಯನ್ನು ಪರರಿಗಾಗಿ ಒಡೆದ ಆ ಸಿಪಾಯಿಗಳು ಹಿಂದಕ್ಕೆ ಬಾರದಿದ್ದುದು ನನಗೇನೋ ಸಂತೋಷವನ್ನೇ ಕೊಟ್ಟಿತು.

ವಾಯವ್ಯದ ಮೂಲೆಯಲ್ಲಿ, ಸುಲೈಮಾನನ ಮರದ ಕೋಟೆ ಇದ್ದ ಕಡೆಯಲ್ಲಿ, ಸಾಂತಿಯಾಗೋ ದುರ್ಗವಿದೆ. ಹೊಸೆ ರಿಸಾಲ್ ತನ್ನ ಕಡೆಯ ದಿನಗಳನ್ನು ಕಳೆದುದು ಇಲ್ಲಿ. ವೈದ್ಯ, ಕಾದಂಬರಿಕಾರ, ಕವಿ. ೧೮೮೭ ಮತ್ತು ೧೮೯೧ರಲ್ಲಿ ಬೆಳಕು ಕಂಡ ಅವನ ಎರಡು ಕಾದಂಬರಿಗಳು ಸ್ಪೇನಿನವರ ಆಳ್ವಿಕೆಯನ್ನು ಅವರದೇ ಭಾಷೆಯಲ್ಲಿ ಬಯಲಿಗಿಟ್ಟುವು. ನನಗೆ ಅವನ ಇನ್ನೊಂದು ಕೆಲಸ ಹೆಚ್ಚು ಆಪ್ತ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು, ಮೇಲೆ ಹೇಳಿದ ಮೋರ್ಗಾನ ಚರಿತ್ರೆಯನ್ನು ಕೈಯಾರೆ ನಕಲುಮಾಡಿಕೊಂಡು, ಪುಟಪುಟಕ್ಕೂ ಟಿಪ್ಪಣಿ ಬರೆದು, ೧೮೯೦ರಲ್ಲಿ ಪ್ರಕಟಿಸಿದ. ಗೋಡೆಯೊಳಗಿನವನು ಬರೆದ ಚರಿತ್ರೆಗೆ ಹೊರಗಿನವನ ವ್ಯಾಖ್ಯಾನ! ನೀವು ಬರುವ ಮುಂಚೆಯೂ ನಮಗೆ ಬಾಳಿತ್ತು, ಕಸುಬಿತ್ತು, ಅಕ್ಷರವಿತ್ತು ಎಂಬುದೇ ಅದರ ಸಾರ. ಲಗೂನಾದ ತಾಮ್ರಪಟ ಆಗ ಇನ್ನೂ ನೀರಿನಡಿ ಮಲಗಿತ್ತು.

ರಾಜದ್ರೋಹದ ಆರೋಪ ಹೊರಿಸಿ ಅವನಿಗೆ ಮರಣದಂಡನೆ ವಿಧಿಸಿದರು. ಕೊನೆಯ ಕವಿತೆಯನ್ನು ಅಡುಗೆಯ ಚಿಕ್ಕ ಸ್ಪಿರಿಟ್ ಒಲೆಯೊಳಗೆ ಅಡಗಿಸಿ, ಕಾವಲುಗಾರರಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ ಸುಳುಹು ಕೊಟ್ಟು, ತಂಗಿಯ ಕೈಗೆ ಸೇರಿಸಿದ. ೧೮೯೬ರ ಡಿಸೆಂಬರ್ ೩೦ರ ಬೆಳಗ್ಗೆ ಅವನನ್ನು ನಡೆಸಿಕೊಂಡು ಹೋದರು. ಸೆರೆಮನೆಯಿಂದ ಅವನ ಹೆಜ್ಜೆಗಳನ್ನು ಹಿತ್ತಾಳೆಯಲ್ಲಿ ಎರಕ ಹೊಯ್ದು ನೆಲದಲ್ಲಿ ಕೂರಿಸಿದ್ದಾರೆ, ಚಿಕ್ಕ ಹೆಜ್ಜೆಗಳು. ಅವನು ಗೋಡೆಯನ್ನು ದಾಟಿದುದು ಪೋಸ್ತಿಗೋ ಎಂಬ ಬಾಗಿಲಿನಿಂದ ಎನ್ನುತ್ತಾರೆ. ಆ ಶಬ್ದಕ್ಕೆ ಕನ್ನಡದಲ್ಲಿ ಸರಿಯಾದ ಮಾತುಂಟು: ದಿಡ್ಡಿಬಾಗಿಲು. ಗುಂಡಿಕ್ಕಿದ ಜಾಗ ಬಗುಂಬಾಯನ್, ಅಂದರೆ ಅದೇ ಹೊಸೂರು. ಅವನಿಗೆ ಆಗ ಮೂವತ್ತೈದು ವರ್ಷ. ಹೆಚ್ಚುಕಡಿಮೆ ನನ್ನ ಓರಗೆ. ಮೂವತ್ತೈದರಲ್ಲಿ ಮಾಡಿರಬೇಕಾದ ಕೆಲಸಗಳ ಲೆಕ್ಕ ಹಾಕುತ್ತ ಆ ಹೆಜ್ಜೆಗಳ ಪಕ್ಕದಲ್ಲಿ ನಡೆಯುವುದು ಸುಖದ ಸಂಗತಿಯಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಮೊದಲ ನಲವತ್ತೈದನ್ನು ಬೇಗ ದಾಟಿಬಿಡೋಣ. ೧೮೯೮ರ ಆಗಸ್ಟ್ ೧೩ರಂದು ಅಮೆರಿಕದವರೂ ಸ್ಪೇನಿನವರೂ ಮೊದಲೇ ಮಾತಾಡಿಕೊಂಡು ಒಂದು ಯುದ್ಧದ ನಾಟಕ ಆಡಿದರು, ಕೋಟೆ ಕೈಬದಲಾಯಿತು. ಒಪ್ಪಂದದ ಮುಖ್ಯ ಷರತ್ತು, ಎರಡು ತಿಂಗಳ ಹಿಂದೆಯಷ್ಟೇ ಸ್ವಾತಂತ್ರ್ಯ ಸಾರಿದ್ದ ಫಿಲಿಪಿನೋ ಸೈನ್ಯವನ್ನು ಒಳಗೆ ಬಿಡಬಾರದೆಂಬುದು. ನೆಲದ ಒಡೆಯರು ಮತ್ತೆ ಹೊರಗೆ. ಅಮೆರಿಕದವರು ಕಂದಕಗಳನ್ನು ಮುಚ್ಚಿಸಿದರು. ಅಲ್ಲಿ ಈಗ ಗಾಲ್ಫ್ ಆಡುತ್ತಾರೆ.

ಇಲ್ಲಿಯ ವರೆಗಿನದೆಲ್ಲ ಪುಸ್ತಕಗಳಲ್ಲಿ ಇರುವುದೇ. ಮುಂದಿನದೂ ಪುಸ್ತಕಗಳಲ್ಲಿ ಇದೆ. ಆದರೆ ಅದನ್ನು ನಾನು ಕೇಳಿದುದು ಸಂತ ಅಗುಸ್ತೀನನ ಇಗರ್ಜಿಯ ಒಂದು ಬೆಂಚಿನ ಮೇಲೆ ಕುಳಿತು.

೧೯೪೨ರ ಜನವರಿಯಲ್ಲಿ ಮನಿಲಾ ಜಪಾನೀಯರ ವಶವಾಯಿತು. ೧೯೪೫ರ ಫೆಬ್ರವರಿ ೩ರಂದು ಅಮೆರಿಕದ ಸೈನ್ಯ ನಗರವನ್ನು ಮುಟ್ಟಿದಾಗ ಜಪಾನೀ ನೌಕಾದಳದವರು ಶರಣಾಗದೆ ಬೀದಿಬೀದಿಯಲ್ಲಿ ನಿಂತು ಕಾದಿದರು. ಕೊನೆಗೆ ಇಂತ್ರಾಮುರೋಸಿನೊಳಗೆ ಹೊಕ್ಕರು. ಊರಿನ ಸಾವಿರಾರು ಮಂದಿಯೂ ಒಳಗೇ ಇದ್ದರು. ಗಂಡಸರನ್ನು ಬೇರ್ಪಡಿಸಿ ಸಾಂತಿಯಾಗೋ ದುರ್ಗಕ್ಕೆ ಒಯ್ದರು. ಹೆಂಗಸರನ್ನೂ ಮಕ್ಕಳನ್ನೂ ಇಗರ್ಜಿಗಳಿಗೆ ಅಟ್ಟಿದರು. ಶಿಕ್ಷಕಿಯ ತಾಯಿಗೆ ಆಗ ಎಂಟು ವರ್ಷ. ತಂದೆ ಸಾಲಿನಲ್ಲಿ ಹೋಗುವಾಗ ತನ್ನ ಟೋಪಿಯನ್ನು ತೆಗೆದು ಮಗಳ ತಲೆಗೆ ಇಟ್ಟನಂತೆ. ಬಿಸಿಲು ಇತ್ತು, ಅದಕ್ಕಾಗಿ. ಬೇರೇನೂ ಅರ್ಥವಿರಲಿಲ್ಲ ಎಂದು ಆ ತಾಯಿ ಸಾಯುವ ವರೆಗೂ ಹೇಳುತ್ತಿದ್ದರಂತೆ; ಸಂಜೆ ಬರುತ್ತೇನೆಂದುಕೊಂಡೇ ಅವನು ಹೋದದ್ದು.

ಅಮೆರಿಕದವರು ವಿಮಾನಗಳಿಂದ ಬಾಂಬು ಹಾಕಲಿಲ್ಲ. ಒಳಗೆ ಜನರಿದ್ದಾರೆಂಬ ಕಾರಣ. ಅದರ ಬದಲು ಫಿರಂಗಿಗಳನ್ನು ಹೂಡಿ ದಿನಗಟ್ಟಲೆ ಹೊಡೆದರು. ಫಿರಂಗಿಗೂ ಒಳಗಿನವರೆಂದರೆ ಅವರೇ. ೨೩ರ ಬೆಳಗ್ಗೆ ಗೋಡೆಯೊಡೆದು ನುಗ್ಗಿದಾಗ ಸಂತ ಅಗುಸ್ತೀನದಿಂದಲೂ ಪಕ್ಕದ ಇನ್ನೊಂದು ಕಡೆಯಿಂದಲೂ ಸುಮಾರು ಮೂರು ಸಾವಿರ ಜನ ಹೊರಬಂದರು. ಬಹುಪಾಲು ಹೆಂಗಸರು, ಮಕ್ಕಳು, ಕೆಲವರು ಸಂನ್ಯಾಸಿನಿಯರು. ಗಂಡಸರು ಇರಲಿಲ್ಲವೆನ್ನುವಷ್ಟು ಕಡಿಮೆ. ಅವರನ್ನು ಮೊದಲೇ ಕೊಂದು ಮುಗಿಸಿದ್ದರು. ದುರ್ಗದ ನೆಲಮಾಳಿಗೆಯೊಂದರಲ್ಲೇ ಸುಮಾರು ಆರುನೂರು ಹೆಣಗಳು ಸಿಕ್ಕಿದುವು. ಇಡೀ ಮನಿಲಾದಲ್ಲಿ ಆ ಒಂದು ತಿಂಗಳಲ್ಲಿ ಅಳಿದ ನಾಗರಿಕರು ಒಂದು ಲಕ್ಷದಷ್ಟು. ಗೋಡೆಯೊಳಗಿನ ಏಳು ಇಗರ್ಜಿಗಳಲ್ಲಿ ನಾವು ಕುಳಿತಿದ್ದ ಈ ಒಂದು ಮಾತ್ರ ಉಳಿಯಿತು.

ಮುನ್ನೂರೈವತ್ತು ವರ್ಷ ಹೊರಗಿನವರನ್ನು ತಡೆದ ಗೋಡೆ ಒಂದೇ ತಿಂಗಳು ಒಳಗಿನವರನ್ನು ತಡೆಯಿತು. ತಾಯಿ ಹೇಳಿದ್ದರಂತೆ: ಬಾಗಿಲುಗಳು ಅಷ್ಟು ಹತ್ತಿರ ಇದ್ದುವು, ಆಟಕ್ಕೆ ಎಷ್ಟೋ ಸಲ ಓಡಿಹೋಗಿ ಮುಟ್ಟಿ ಬರುತ್ತಿದ್ದೆವು ಎಂದು.

ಯುದ್ಧಾನಂತರ ಬಹಳ ಕಾಲ ಅದು ಹಾಳೂರು, ಉಗ್ರಾಣಗಳು, ಗುಡಿಸಲುಗಳು. ಮಹಾದೇವಾಲಯವನ್ನು ೧೯೫೮ರಲ್ಲಿ ಮತ್ತೆ ಕಟ್ಟಿ ಮುಗಿಸಿದರು. ೧೯೭೯ರಲ್ಲಿ ಪುನರುದ್ಧಾರಕ್ಕೆಂದೇ ಸರಕಾರ ಒಂದು ಆಡಳಿತ ಸಂಸ್ಥೆಯನ್ನು ರಚಿಸಿತು. ಅದರ ಫಲಗಳಲ್ಲಿ ‘ಕಾಸಾ ಮನಿಲಾ’ ಒಂದು: ಹತ್ತೊಂಬತ್ತನೆಯ ಶತಮಾನದ ಶ್ರೀಮಂತರ ಮನೆಯಂತೆ ೧೯೮೦ರ ದಶಕದಲ್ಲಿ ಕಟ್ಟಿದುದು. ಮಂಚ, ಕನ್ನಡಿ, ಪಿಯಾನೋ, ಚಿಪ್ಪಿನ ಕಿಟಕಿ ಎಲ್ಲ ಇವೆ. ನನಗೆ ಅದು ಹಿಡಿಸಲಿಲ್ಲ. ಯಾರೂ ಹುಟ್ಟದ, ಯಾರೂ ಸಾಯದ ಮನೆಯಲ್ಲಿ ತೊಟ್ಟಿಲನ್ನು ಇಡುವುದು ನಾಟಕದವರ ಕೆಲಸ. ನಿಕ್ ಹೋಆಕಿನ್ ಎಂಬ ಅವರ ಶ್ರೇಷ್ಠ ಲೇಖಕ ೧೯೫೦ರ ಸುಮಾರಿಗೆ ಬರೆದ ಒಂದು ನಾಟಕದಲ್ಲಿ, ೧೯೪೧ರ ಇಂತ್ರಾಮುರೋಸಿನ ಹಳೆಯ ಮನೆಯೊಂದರಲ್ಲಿ ಇಬ್ಬರು ಅವಿವಾಹಿತ ಅಕ್ಕತಂಗಿಯರು ತಂದೆ ಬರೆದ ಚಿತ್ರವನ್ನು ಎಷ್ಟು ಬೆಲೆಗೂ ಮಾರಲೊಲ್ಲದೆ ಕೂತಿರುತ್ತಾರೆ. ಆ ಕಾಗದದ ಮನೆ ನನಗೆ ಈ ಕಲ್ಲಿನ ಮನೆಗಿಂತ ಹೆಚ್ಚು ನಿಜವೆನಿಸುತ್ತದೆ. ಹೀಗೆಂದು ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಶಿಕ್ಷಕಿ ಕೊಡೆಯನ್ನು ಮಡಿಚುತ್ತ, “ನಿಜ ಸರ್. ಆದರೆ ನನ್ನ ತಾಯಿ ಇಲ್ಲಿಗೆ ಬಂದಾಗ ಆ ಚಿಪ್ಪಿನ ಕಿಟಕಿಯನ್ನು ಒಂದು ಗಂಟೆ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಸದ್ದು ಸರಿಯಾಗಿದೆ ಅಂದರು” ಎಂದರು.

ಅದಕ್ಕೆ ನಾನು ಉತ್ತರ ಹೇಳಲಿಲ್ಲ. ಈಗಲೂ ನನ್ನ ಬಳಿ ಉತ್ತರವಿಲ್ಲ. ಆ ಮನೆಯೂ ನನಗೆ ಹಿಡಿಸಿಲ್ಲ.

ಕಡೆಗೆ ನೋಡಿದುದು ಸಾಂತಾ ಇಸಬೆಲ್ ಎಂಬ ಸಣ್ಣ ಚೌಕ. ೧೯೯೫ರಲ್ಲಿ, ಯುದ್ಧವಾಗಿ ಐವತ್ತು ವರ್ಷ ತುಂಬಿದಾಗ, ಸತ್ತ ನಾಗರಿಕರಿಗಾಗಿ ಅಲ್ಲೊಂದು ಸ್ಮಾರಕ ನಿಲ್ಲಿಸಿದರು. ಮುಸುಕು ಹೊದ್ದ ಹೆಂಗಸೊಬ್ಬಳು ಸತ್ತ ಮಗುವನ್ನು ಹಿಡಿದು ಕುಳಿತಿದ್ದಾಳೆ. ಸುತ್ತಲೂ ಬಿದ್ದ ಮೈಗಳು. ಹೆಸರುಗಳಿಲ್ಲ. ಒಂದು ಲಕ್ಷ ಹೆಸರು ಬರೆಯುವಷ್ಟು ಕಲ್ಲು ಎಲ್ಲಿಂದ ಬರಬೇಕು? ಪಕ್ಕದ ಓಣಿಯ ಹುಡುಗರು ಚೆಂಡಾಡುತ್ತಿದ್ದರು. ಈಗಲೂ ಗೋಡೆಯೊಳಗೆ ಬಡವರ ಮನೆಗಳು ಬೇಕಾದಷ್ಟಿವೆ.

ಶಿಕ್ಷಕಿ ತನ್ನ ಅಜ್ಜನ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳಿದರು. ಪ್ರತಿವರ್ಷ ಫೆಬ್ರವರಿಯಲ್ಲಿ ತಾಯಿ ಬಂದು ಹೇಳುತ್ತಿದ್ದರು, ಈಗ ತಾನು ಹೇಳುತ್ತೇನೆ. ಈ ಸಲ ಫೆಬ್ರವರಿಯಲ್ಲದಿದ್ದರೂ ಆಗಲಿ ಎಂದರು. ಬಳಿಕ, ತಾಮ್ರಪಟದ ಲಿಪಿಗೂ ನಿಮ್ಮ ಲಿಪಿಗೂ ನಂಟು ಎಂದಿರಲ್ಲ, ನಿಮ್ಮ ಲಿಪಿಯಲ್ಲಿ ಆ ಹೆಸರು ಹೇಗೆ ಕಾಣುತ್ತದೆ ಎಂದು ಕೇಳಿದರು. ನಾನು ಟಿಪ್ಪಣಿ ಪುಸ್ತಕ ತೆಗೆದು ದೊಡ್ಡ ಅಕ್ಷರಗಳಲ್ಲಿ ಬರೆದೆ. ಅವರು ಬೆರಳಿಟ್ಟು ಎಣಿಸಿದರು, ಐದು ಅಕ್ಷರ. ಕೊನೆಯದರ ತಲೆಕಟ್ಟನ್ನು ತೋರಿಸಿ, “ಇದು ಟೋಪಿಯೇ?” ಎಂದರು.

“ತಲೆಕಟ್ಟು ಎನ್ನುತ್ತೇವೆ” ಎಂದೆ.

ಹಾಳೆಯನ್ನು ಹರಿದುಕೊಟ್ಟೆ. ಅದನ್ನು ನಾಲ್ಕಾಗಿ ಮಡಿಚಿ ಚೀಲದಲ್ಲಿಟ್ಟುಕೊಂಡು, ಕತ್ತಲಾದರೆ ಜೀಪ್ನಿಗಳಲ್ಲಿ ಜಾಗ ಸಿಗುವುದಿಲ್ಲವೆಂದು ಅವಸರ ಮಾಡುತ್ತ, ಕೊಡೆಯನ್ನು ಮುಂದಕ್ಕೆ ಚಾಚಿ ರಸ್ತೆ ದಾಟಿದರು.